ಗುಳಿಗೆ ನುಂಗುವವರೆಗೆ

೧೭ ಫೆಬ್ರವರಿ ೨೦೨೫, ಬೆಳಿಗ್ಗೆ

ಲಿಂಗಪೂಜೆ ಮುಗಿಯಿತು. ಬ್ಯಾಡಗಿಯ ಗಾಳಿಯಲ್ಲಿ ಎಂದಿನ ಮೆಣಸಿನ ಘಾಟು. ಮಕ್ತುಮಬಿ ಬಂದಳು — ಕ್ಷಯರೋಗಿಗಳ ಮುಂದೆ ದಿನವೂ ನಿಂತು ಗುಳಿಗೆ ನುಂಗಿಸುವವಳು. ಹೋದ ವರ್ಷ ನನ್ನ ಮುಂದೆಯೂ ಆರು ತಿಂಗಳು ನಿಂತವಳು. ಪರದೇಶದ ಹಣ ನಿಂತಿತಂತೆ. ಅವಳ ಸಂಸ್ಥೆ ಇಂದಿಗೆ ಕೆಲಸ ಮುಗಿಸಿತು. ಮೊಬೈಲಿಗೆ ಎರಡು ಸಾಲಿನ ಸಂದೇಶ, ಅಷ್ಟೇ.

“ಗುಳಿಗಿ ಸರಕಾರದ್ದು ಬರತಾವ್ರಿ ಅಜ್ಜಾರ. ಅಡ್ಡಾಡೂ ಕಾಲಷ್ಟ ನಮ್ಮವಿದ್ದು.”

“ಮೆಣಸಿನಕಾಯಿ ಅಂಗಳದ ಮೈಲವ್ವನ ಗತಿ?”

“ಮೂರನೇ ತಿಂಗಳ. ಆರಾಮ ಅನಸಾಕತ್ತೈತಿ, ಬಿಟ್ಟಬಿಡತಾಳ. ನಡುವ ಬಿಟ್ರ ರೋಗ ಮೊಂಡ ಬೀಳತೈತಿ, ಮುಂದ ಈ ಗುಳಿಗೀಗೆ ಬಗ್ಗೂದಿಲ್ಲ.”

ಹಣವು ಬರುವಾಗ ದಯೆಯ ಮುಖ ತೊಟ್ಟು ಬರುತ್ತದೆ; ಹೋಗುವಾಗ ಮುಖವನ್ನೇ ತೋರುವುದಿಲ್ಲ. ಇರಲಿ. ನನ್ನ ಕಾಲುಗಳಿಗೆ ಎಪ್ಪತ್ತೊಂಬತ್ತು ವರ್ಷ. ಅವು ನಡೆಯಲು ಯಾವ ದೇಶದ ಅಪ್ಪಣೆಯೂ ಬೇಕಿಲ್ಲ.

೧೮ ಫೆಬ್ರವರಿ

ಆಸ್ಪತ್ರೆಯ ನರ್ಸ್ ಮೈಲವ್ವನ ಪಾಲಿನ ಗುಳಿಗೆ ಕೊಟ್ಟಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಅಂಗಳಕ್ಕೆ ಹೋದೆ. ಮೈಲವ್ವ ನಕ್ಕಳು.

“ಪುರಾಣ ಹೇಳೂದು ಬಿಟ್ಟು ಕಂಪೌಂಡರ್ ಆದ್ರೇನ್ರಿ ಅಜ್ಜಾರ? ನಂದು ಘಾಟಿನ ಕೆಮ್ಮ. ಬ್ಯಾಡಗ್ಯಾಗ ಕೆಮ್ಮದವ್ರು ಯಾರದಾರ?”

“ರಕ್ತ ಬೀಳೂತನಾ ನಾನೂ ಹಂಗ ಅಂದಿದ್ದೆ, ತಂಗಿ. ನುಂಗು.”

ನುಂಗಿದಳು.

೨೬ ಫೆಬ್ರವರಿ, ಶಿವರಾತ್ರಿ

ಎಂಟು ದಿನ ತಪ್ಪಿರಲಿಲ್ಲ. ಇಂದು ಬಾಯಿ ತೆರೆಯಲೊಲ್ಲಳು.

“ನೀರಿಲ್ಲದ ಉಪಾಸರಿ. ಹನಿ ಬಿದ್ರ ವ್ರತ ಕೆಟ್ಟಂಗ ಅಂತ ಹೋದ ವರ್ಷ ಮಠದಾಗ ನೀವ ಹೇಳೀರಿ.”

ಹೇಳಿದ್ದು ಹೌದು… ಐವತ್ತು ಶಿವರಾತ್ರಿ ನಾನೂ ಹನಿ ಮುಟ್ಟಿದವನಲ್ಲ. ಅವಳ ತಂಬಿಗೆಯನ್ನೇ ಎತ್ತಿ, ಎಲ್ಲರೂ ನೋಡುತ್ತಿರಲು, ಗಟಗಟನೆ ಕುಡಿದೆ.

“ಈಗ ನೀ ಕುಡಿ. ಪಾಪ ಬಂದ್ರ ನನಗಿರಲಿ.”

ಅವಳು ನನ್ನ ಮುಖವನ್ನೇ ನೋಡುತ್ತ ಗುಳಿಗೆ ನುಂಗಿದಳು. ಅಂಗಳದ ಮಾಲಕ ಶಶಿಕಾಂತ ಕೆಣಕಿದ: “ಮಠದಾವ್ರಿಗೆ ಗೊತ್ತಾದ್ರ ಹೆಂಗ್ರಿ?”

“ನೀನ ಹೋಗಿ ಹೇಳು. ಲಗೂ ಹೇಳು.”

೨೮ ಫೆಬ್ರವರಿ, ಬೆಳಿಗ್ಗೆ ೭

ಮಠದ ಸಮಿತಿಯ ಪತ್ರ: ಸಭೆಯಲ್ಲಿ ತಪ್ಪೊಪ್ಪಿಕೊಳ್ಳದೆ ಪುರಾಣದ ಪೀಠವೇರಕೂಡದು.

ಉತ್ತರ ಬರೆದಿಟ್ಟೆ. ಒಪ್ಪಿಕೊಳ್ಳುವೆ. ವ್ಯಾಧಿಗ್ರಸ್ತರನ್ನು ಹೊರತುಪಡಿಸದೆ ಹನಿ ನೀರೂ ಸಲ್ಲದೆಂದು ನುಡಿದದ್ದೇ ನನ್ನ ತಪ್ಪು, ನೀರು ಕುಡಿದದ್ದಲ್ಲ. ಇಷ್ಟು ದಿನ ಮಠದವರಿಂದ ಮರೆಮಾಚಿದ ನನ್ನ ಕ್ಷಯವನ್ನೂ ಆ ಸಭೆಯಲ್ಲಿಯೇ ಹೇಳುವೆ. ಪೀಠ ಹೋದರೆ ಹೋಗಲಿ. ಮೂರು ತಿಂಗಳ ಗುಳಿಗೆ ಇನ್ನೂ ಬಾಕಿಯಿದೆ — ಮೈಲವ್ವನದು ಮುಗಿಯುವವರೆಗೆ ಯಾವ ಸಮಿತಿಯೂ ನನ್ನನ್ನು…

ಬಾಗಿಲಲ್ಲಿ ದನಿ.

“ಏನ ಬರಕೋತ ಕುಂತೀರಿ ಅಜ್ಜಾರ? ಗುಳಿಗಿ ಕೊಡ್ರಿ, ಕೆಲಸಕ್ಕ ಹೊತ್ತಾತು.”

ಮೈಲವ್ವ. ತಾನಾಗಿಯೇ ಬಂದಿದ್ದಾಳೆ. ಉಳಿದದ್ದು ಗುಳಿಗೆ ನುಂಗಿಸಿದ ಮೇಲೆ—