ಐದು ನಿಮಿಷದ ನೆನಪು

ಜೂನ್ 3, ಮಂಗಳವಾರ
ಮತ್ತೆ ಅದೇ ಮೀಟಿಂಗ್. ಕಾಫಿ ಆರಿತು, ಚರ್ಚೆ ಆರಲಿಲ್ಲ. ಕಾಯಿಲೆಯವರು ಕೊರಳಿಗೆ ಹಾಕಿಕೊಳ್ಳುವ ನಮ್ಮ ಬಟನ್... ಒತ್ತಿದರೆ ಮೊದಲು ನೆರೆಮನೆಗೆ ಫೋನ್, ಅವರು ಬಾರದಿದ್ದರೆ ಮನೆಯವರಿಗೆ, ಜೊತೆಗೆ ಆಂಬುಲೆನ್ಸಿಗೆ. ಈ ಸರಪಳಿ ನಡೆಸೋಕೆ ನಮ್ಮದೇ ಸರ್ವರ್ ಬೇಕಿಲ್ಲ, ಕ್ಲೌಡಿನಲ್ಲಿ ಇಂಥ ಹೆಜ್ಜೆಗಳನ್ನು ಸಾಲಾಗಿ ನಡೆಸಿಕೊಡೋ ವರ್ಕ್‌ಫ್ಲೋ ಸರ್ವಿಸ್ ಬಾಡಿಗೆಗೆ ಸಿಗುತ್ತೆ. ಎರಡರಲ್ಲಿ ಒಂದನ್ನು ಆರಿಸಬೇಕು. ಒಂದು ನಿಧಾನಿ — ಪ್ರತಿ ಹೆಜ್ಜೆ ಬರೆದಿಟ್ಟುಕೊಂಡು ತಿಂಗಳುಗಟ್ಟಲೆ ಬೇಕಾದರೂ ಕಾಯುತ್ತೆ. ಇನ್ನೊಂದು ಚುರುಕು, ಅಗ್ಗ. ಆದರೆ ಐದು ನಿಮಿಷದಲ್ಲಿ ಮುಗಿಯದ ಕೆಲಸವನ್ನು ಅಲ್ಲೇ ಕೈಬಿಡುತ್ತೆ.

ಬಾಸ್‌ಗೆ ನಾವಿಟ್ಟ ಹೆಸರು ಬಿರುಗಾಳಿ. "ಪ್ರಾಣ ಹೋಗ್ತಿರುವಾಗ ಯಾರ‍್ರೀ ಐದು ನಿಮಿಷ ಕಾಯ್ತಾರೆ?" ಅಂದರು. ಟೆಸ್ಟ್ ಮಾಡಿದೆವು. ನಾವೇ ನೆರೆಯವರು, ನಾವೇ ಮನೆಯವರು, ಎಲ್ಲರ ಕೈಯಲ್ಲೂ ಫೋನ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗೀತು. ಚುರುಕೇ ಇರಲಿ ಅಂದವಳು ನಾನೇ.

ಜೂನ್ 14
ಅಕ್ಕನಿಗೂ ಬಟನ್. ಫಿಟ್ಸ್ ಬರುತ್ತೆ, ಒಬ್ಬಳೇ ಇರ್ತಾಳೆ. ಬರುವ ಮುಂಚೆ ಅವಳಿಗೆ ತಿಳಿಯುತ್ತೆ, ಒತ್ತುವಷ್ಟು ಪುರುಸೊತ್ತು ಇರುತ್ತೆ. "ಹಸುವಿಗೆ ಗಂಟೆ ಕಟ್ಟಿದ ಹಾಗೆ ಕಟ್ಟಿಬಿಟ್ಟೆಯಲ್ಲೇ!" ಮೊದಲ ಫೋನ್ ಕೆಳಮನೆ ಟೈಲರಮ್ಮನಿಗೆ, ಆಮೇಲೆ ನನಗೆ. ಟೈಲರಮ್ಮ ಮೊಬೈಲಿನಲ್ಲಿ 'ಬರ್ತೀನಿ' ಒತ್ತಬೇಕು, ಅಕ್ಕನನ್ನು ಮುಟ್ಟಿದ ಮೇಲೆ 'ತಲುಪಿದೆ'.

ಇಷ್ಟು ವರ್ಷ ಬಚ್ಚಲ ಬಾಗಿಲಿಗೆ ಚಿಲಕ ಹಾಕದವಳು ಇವತ್ತು ಹಾಕಿಕೊಂಡಳು. ಒಳಗೆ ಹಾಡು ಬೇರೆ. ಹೊರಗೆ ನಿಂತು ಖುಷಿಗೆ ಅತ್ತುಬಿಟ್ಟೆ.

ಜುಲೈ 2
ಟೈಲರಮ್ಮನ ದೂರು. "ಬರ್ತೀನಿ ಅಂತ ಒತ್ತಿ ಮೆಟ್ಟಿಲು ಹತ್ತೋದ್ರೊಳಗೆ ಆಂಬುಲೆನ್ಸನ್ನೇ ಕರೆದುಬಿಡುತ್ತಲ್ಲಮ್ಮ ನಿಮ್ಮ ಮಿಷಿನ್ನು! ಮಂಡಿನೋವಿನ ಹೆಂಗಸು ನಾನು, ಹಾರಿ ಬರಲಾ?" ಬೇರೆ ಮನೆಗಳದ್ದೂ ಅದೇ ರಾಗ. ಪಾಪ ಅನ್ನಿಸಿತು. 'ಬರ್ತೀನಿ' ಅಂದವರು ತಲುಪಲಿ ಅಂತ ಕಾಯುವ ಹೊತ್ತನ್ನು ಎರಡರಿಂದ ಹತ್ತು ನಿಮಿಷಕ್ಕೆ ಏರಿಸಿದೆ. ಒಂದೇ ಸಾಲಿನ ಕೆಲಸ. ಬಿರುಗಾಳಿ ಭೇಷ್ ಅಂದರು.

ಜುಲೈ 18, ಶುಕ್ರವಾರ
ಒಬ್ಬರ ಮನೆಯವರು ಬಟನ್ ವಾಪಸ್ ಕಳಿಸಿದ್ದಾರೆ. "ಇನ್ನು ಬೇಕಾಗಿಲ್ಲ." ಅಷ್ಟೇ.

ಬಟನ್ ಒತ್ತಿದವರ ಲೆಕ್ಕ ತೋರಿಸುವ ಸ್ಕ್ರೀನ್ ತೆಗೆದು ನೋಡಿದೆ. ಎಲ್ಲ ಹಸಿರು. ಆದರೆ 'ಬರ್ತೀನಿ' ಅಂದವರು ತಲುಪದೆ ಮುಂದಿನವರಿಗೆ ಹೋದ ಫೋನು ಈ ತಿಂಗಳು ಒಂದೂ ಇಲ್ಲ. ಒಂದೂ.

ಐದು ನಿಮಿಷಕ್ಕೆ ಕೈಬಿಡೋ ಸರ್ವಿಸಿನೊಳಗೆ ಹತ್ತು ನಿಮಿಷದ ಕಾಯುವಿಕೆ ಇಟ್ಟಿದ್ದೀನಿ, ಕೈಯಾರೆ. ನೆರೆಯವರು ತಲುಪದಿದ್ದರೆ ಇನ್ಯಾರಿಗೂ ಫೋನೇ ಹೋಗಲ್ಲ. ಕೈಬಿಟ್ಟದ್ದನ್ನು ನಮ್ಮ ಸ್ಕ್ರೀನು ಲೆಕ್ಕಕ್ಕೂ ತಗೊಳ್ಳಲ್ಲ. ನಮ್ಮ ಟೆಸ್ಟಿನಲ್ಲಿ ಯಾರೂ ಮೆಟ್ಟಿಲು ಹತ್ತಿರಲಿಲ್ಲ.

ಈಗಲೇ ಸರಿಮಾಡ್ತೀನಿ ಅಂದೆ. "ಶುಕ್ರವಾರ ಲೈವ್ ಸಿಸ್ಟಮ್ ಮುಟ್ಟಬಾರದು, ಗೊತ್ತಿಲ್ವಾ? ಸೋಮವಾರ ನೋಡೋಣ," ಅಂದರು ಬಿರುಗಾಳಿ. ಕೆಟ್ಟರೆ ಶನಿವಾರ ಭಾನುವಾರ ರಿಪೇರಿಗೆ ಯಾರೂ ಇರಲ್ಲ — ನಮ್ಮ ಕಸುಬಿನ ಶಾಸ್ತ್ರ. ಹೊಸಬರಿಗೆ ಇದನ್ನು ಬಾಯಿಪಾಠ ಮಾಡಿಸಿದವಳೂ ನಾನೇ. ಲ್ಯಾಪ್‌ಟಾಪ್ ಮುಚ್ಚಿದೆ.

ಅಕ್ಕನಿಗೆ ಫೋನ್ ಮಾಡಿದೆ. "ಎಷ್ಟು ನೆಮ್ಮದಿಯಾಗಿದೀನಿ ಗೊತ್ತೇನೇ," ಅಂದಳು. ಬಟನ್ ವಿಷಯ ಎತ್ತದೆ, ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಟೆ. ಎರಡು ದಿನ ತಾನೆ...

ಜುಲೈ 20, ಭಾನುವಾರ, ಬೆಳಿಗ್ಗೆ
ಟ್ಯಾಕ್ಸಿಯಲ್ಲಿ. ಬೇರೇನೂ ಮಾಡೋಕಾಗದೆ ಬರೀತಿದೀನಿ.

ಸ್ಕ್ರೀನ್ ಮುಂದೆಯೇ ಕೂತಿದ್ದೆ. ಅಕ್ಕನ ಹೆಸರು ಬಂತು. ಟೈಲರಮ್ಮ 'ಬರ್ತೀನಿ' ಒತ್ತಿದರು. ಅಬ್ಬ ಅಂದುಕೊಂಡೆ. ಕಾದೆ. 'ತಲುಪಿದೆ' ಬರಲೇ ಇಲ್ಲ. ಅಕ್ಕ ಫೋನ್ ಎತ್ತಲಿಲ್ಲ. ಟೈಲರಮ್ಮ ಎತ್ತಿದರು — ಹಿಂದೆ ಬಸ್ಸಿನ ಹಾರ್ನ್. "ಮಗಳ ಮನೆಗೆ ಹೊರಟಿದ್ದೆನಮ್ಮ. ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ ಬರ್ತೀನಿ. ಅಷ್ಟರಲ್ಲಿ ಅದು ಬೇರೆಯವರನ್ನ ಕರೆಯುತ್ತಲ್ಲ?"

ಆಂಬುಲೆನ್ಸಿಗೆ ನಾನೇ ಹೇಳಿದೆ. ಟ್ಯಾಕ್ಸಿ ಹತ್ತಿ ಮೊಬೈಲಿನಲ್ಲಿ ಸ್ಕ್ರೀನ್ ತೆಗೆಯುವಷ್ಟರಲ್ಲಿ ಐದು ನಿಮಿಷ ದಾಟಿತ್ತು, ಅಕ್ಕನ ಸಾಲು ಮಾಯ. ಕೆಂಪಿಲ್ಲ, ಸದ್ದಿಲ್ಲ. ಎಲ್ಲ ಹಸಿರು.

ಆಂಬುಲೆನ್ಸಿನವರ ಫೋನ್. ಬೀಗದ ಕೈ ಹೂಕುಂಡದ ಕೆಳಗಿದೆ ಅಂದೆ. ಒಳಗೆ ಹೋದರು. ಸ್ಪೀಕರ್ ಹಾಕಿಟ್ಟಿದೀನಿ.

"ಮೇಡಂ, ಬಚ್ಚಲಿಗೆ ಒಳಗಿಂದ ಚಿಲಕ ಹಾಕಿದೆ. ಕೂಗಿದ್ರೆ ಮಾತಿಲ್ಲ. ಒಡೀಲಾ?"

ಒಡೀರಿ ಅಂದೆ.

ಕೇಳಿಸ್ತಿದೆ. ಒಂದು ಏಟು. ಎರಡು. ನೀರು ಇನ್ನೂ ಸುರೀತಿರೋ ಸದ್ದು —