ತಂಗಿಯ ಮೇಲೆ ಹೊರಿಸಿದ್ದು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6
ಇವತ್ತು ಉಪವಾಸ. ಎದ್ದು ಕೋಣೆ ಒರೆಸಿದೆ. ತಮ್ಮನ ಬಟ್ಟೆ ಬಿಸಿನೀರಲ್ಲಿ ಒಗೆದು ಹಿಂಡಿ ಹಾಕಿದೆ. ಆಸ್ಪತ್ರೆಯಲ್ಲಿ ದೀಪ ಹಚ್ಚುವ ಹಾಗಿಲ್ಲ — ಕೈಮುಗಿದೆ, ಅಷ್ಟೆ. ರಕ್ತದ ಕ್ಯಾನ್ಸರಿಗೆ ಅಂತ ತಂಗಿಯ ಸ್ಟೆಮ್ ಸೆಲ್ ಅವನಿಗೆ ಕಸಿ ಮಾಡಿ ಇಂದಿಗೆ ಮೂವತ್ತೈದು ದಿನ. ಮೂತ್ರ ಅಳೆಯುವ ಜಗ್ಗು ಎತ್ತಿದರೆ, ಕೆಂಪಗೆ. ಬೀಟ್‌ರೂಟ್ ತಿಂದಿರಬೇಕು ಅಂದುಕೊಂಡೆ. ಕೊಟ್ಟೇ ಇಲ್ಲ.
ಬಸ್ ಡ್ರೈವರು ಇವನು. ಮೂತ್ರಕ್ಕೆ ಅಂತ ಎದ್ದೆದ್ದು ಸುಸ್ತಾದರೂ, ನೋಯುವ ಹೊಟ್ಟೆ ಹಿಡಿದುಕೊಂಡೇ ನಗಿಸುತ್ತಾನೆ. "ಅಕ್ಕಾ, ಐದೈದು ನಿಮಿಷಕ್ಕೆ ಒಂದು ಸ್ಟಾಪ್. ಇಳಿಯೋರು ಮಾತ್ರ ಯಾರೂ ಇಲ್ಲ!"

ಮಾರ್ಚ್ 4
ಮೂತ್ರಕೋಶಕ್ಕೆ ವೈರಸ್ಸು ಅಂದರು. ನಳಿಗೆ ಹಾಕಿದ್ದಾರೆ. ಚೀಲದ ಉಪ್ಪುನೀರು ಒಳಗೆ ಹೋಗಿ ಹೆಪ್ಪುಗಟ್ಟಿದ ರಕ್ತವನ್ನು ತೊಳೆದುಕೊಂಡು ಹೊರಗೆ ಬರಬೇಕು. ಹೆಪ್ಪು ಸಿಕ್ಕಿಕೊಂಡಾಗ ಅವನು ಮಂಚದ ಕಂಬಿ ಹಿಡಿದು... ಬರೆಯಲಾರೆ.
ಎಲ್ಲಿಂದ ಬಂತು ಇದು? ಅವನ ಮೈಗೆ ಹೊಸದಾಗಿ ಸೇರಿದ್ದು ಒಂದೇ — ತಂಗಿ ಕೊಟ್ಟದ್ದು. ದೇವರು ದಿಂಡರು ಅಂದರೆ ನಗುವವಳು. ಒಂದು ಹೊತ್ತೂ ಉಪವಾಸ ಇದ್ದವಳಲ್ಲ.
ಸಂಜೆ ಬಂದಳು. ಚಿಕ್ಕಪ್ಪ, ಚಿಕ್ಕಮ್ಮ ಎಲ್ಲ ಇದ್ದರು. ವಾರ್ಡಿನ ಬಾಗಿಲಲ್ಲೇ ಅಂದುಬಿಟ್ಟೆ: "ನಿನ್ನ ಮೈಯ ಕೊಳೆ ಅವನಿಗೆ ಹತ್ತಿಸಿದೆಯಲ್ಲೇ!"
"ನಂಗೂ ಅವನು ತಮ್ಮನೇ ಕಣಕ್ಕ" ಅಂದಳು. ತಂದಿದ್ದ ಟವೆಲ್ಲು ಬೆಂಚಿನ ಮೇಲಿಟ್ಟು ಹೊರಟುಹೋದಳು. ಹೋಗಲಿ.

ಮಾರ್ಚ್ 13
ಚೀಲ ಮುಗಿಯುತ್ತಿದ್ದಂತೆ ನರ್ಸನ್ನು ಕೂಗುವುದು, ಬಣ್ಣ ನೋಡುವುದು. ಒಂಬತ್ತು ದಿನ ಇದೇ. ವೈರಸ್ಸಿಗೆ ಔಷಧಿ ಕೊಟ್ಟರು, ಕಿಡ್ನಿ ಸೋಲತೊಡಗಿತು, ನಿಲ್ಲಿಸಿದರು. ಅವನ ತಮಾಷೆಯೂ ನಿಂತಿದೆ.
ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು: "ಇನ್ನೊಂದು ದಾರಿ ಇದೆ. ನಿಮ್ಮ ತಂಗಿಯ ರಕ್ತದಿಂದ ಈ ವೈರಸ್ ಮೇಲೆ ಹೋರಾಡೋ ಕಣಗಳನ್ನ ಬೇರೆ ಮಾಡಿ ಕೊಡಬಹುದು. ತಡ ಮಾಡದೆ ಕರೆಸಿ."
"ಅವಳಿಂದಲೇ ಬಂದದ್ದಲ್ವಾ?"
"ಯಾರಮ್ಮ ಹೇಳಿದ್ದು? ಚಿಕ್ಕಂದಿನಲ್ಲೇ ಹೆಚ್ಚುಕಮ್ಮಿ ಎಲ್ಲರ ಮೈಗೂ ಸೇರಿರುತ್ತೆ. ನಿಮ್ಮ ಮೈಯಲ್ಲೂ ಇದ್ದೀತು. ಸುಮ್ಮನೆ ಮಲಗಿರುತ್ತೆ. ಕಸಿಗೆ ಅಂತ ನಾವೇ ಅವರ ಮೈಯ ಕಾವಲು ಇಳಿಸಿದ್ವಲ್ಲ, ಎದ್ದುಕೊಂಡಿದೆ."
ನನ್ನ ಮೈಯಲ್ಲೂ. ದಿನಾ ತಣ್ಣೀರು ಸುರಿದುಕೊಂಡು ಜಪಕ್ಕೆ ಕೂರುವ ಈ ಮೈಯಲ್ಲೂ.

ಮಾರ್ಚ್ 14
ತಂಗಿ ಫೋನ್ ಎತ್ತಲಿಲ್ಲ. ಚಿಕ್ಕಪ್ಪ ಹೋಗಿ ಬಂದರು. "ಬರ್ತಾಳಂತೆ. ಆದ್ರೆ ಅವತ್ತು ಅಂದದ್ದು ಸುಳ್ಳು ಅಂತ ನೀನು ಬರೆದು ಸಹಿ ಹಾಕಬೇಕಂತೆ. ಬಾಯಿಮಾತು ಬೇಡವಂತೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಕಣಮ್ಮ."
ಮೈಯೆಲ್ಲ ಉರಿಯಿತು. ತಮ್ಮ ಇಲ್ಲಿ ಒದ್ದಾಡುತ್ತಿದ್ದಾನೆ, ಇವಳದು ಚೌಕಾಸಿ!
ಆಮೇಲೆ ಅನ್ನಿಸಿತು — ನಾನು ಮಾಡುತ್ತಿರುವುದೇನು? ಇಷ್ಟು ಉಪವಾಸ ತಗೋ, ಇವನನ್ನು ಬಿಡು ಅಂತ ದೇವರ ಹತ್ತಿರ...

ಮಾರ್ಚ್ 15. ಮಧ್ಯಾಹ್ನ 1
ಬಂದಿದ್ದಾಳೆ. ಕೆಳಗೆ, ರಕ್ತ ತೆಗೆಯುವ ಕೋಣೆಯ ಮುಂದೆ ಕೂತಿದ್ದಾಳೆ. ಮೇಲೆ ಬರುವುದಿಲ್ಲವಂತೆ. ಇವನನ್ನು ಬಿಟ್ಟು ನಾನು ಇಳಿಯುವಂತಿಲ್ಲ. ಆಯಾ ಕೈಯಲ್ಲಿ ಚೀಟಿ ಕಳಿಸಿದೆ: "ತಮ್ಮನ ಮುಖ ನೋಡಿ ಆದದ್ದನ್ನು ಮರೆತುಬಿಡು."
ವಾಪಸ್ ಬಂತು. ಹಿಂದುಗಡೆ ಅವಳ ಅಕ್ಷರ: "ತಪ್ಪು ಯಾರದು ಅಂತ ಬರೆದೇ ಇಲ್ಲವಲ್ಲ ಅಕ್ಕ."
ಪೆನ್ನು ಹಿಡಿದು ಅರ್ಧ ಗಂಟೆ ಕೂತೆ. ಐವತ್ತು ವರ್ಷದಲ್ಲಿ ಯಾರಿಗೂ ಹೀಗೆ ಬರೆದುಕೊಟ್ಟಿಲ್ಲ. ತಮ್ಮ ನರಳಿದ. ಬರೆದೆ: "ನಾನು ಅಂದದ್ದು ಸುಳ್ಳು. ತಪ್ಪು ನನ್ನದು. ಎಲ್ಲರಿಗೂ ಓದಿ ಹೇಳು." ಸಹಿ ಹಾಕಿದೆ.

2.30
ಆಯಾ ಬಂದಳು. "ಓದಿದ್ಲಮ್ಮ. ಮಡಚಿ ಬ್ಯಾಗಲ್ಲಿ ಇಟ್ಕೊಂಡ್ಲು."
"ರಕ್ತ ಕೊಡೋಕೆ ಎದ್ದು ಒಳಗೆ ಹೋದ್ಲಾ?"
"ಅದೆಲ್ಲ ನೋಡ್ತಾ ನಿಂತ್ಕೊಳ್ಳೋಕೆ ನಂಗೇನು ಬೇರೆ ಕೆಲಸ ಇಲ್ವಾ?"
ಹೌದು, ಇದೆ. ಆದರೂ ಅವಳ ಕೈ ಹಿಡಿದುಕೊಂಡೆ. ತಾಯೀ, ಇನ್ನೊಂದೇ ಒಂದು ಸಲ ಕೆಳಗೆ ಹೋಗು. ತಂಗಿಯ ಉತ್ತರ ತಂದುಕೊಡು. ಬೈದಿದ್ದರೂ ಸರಿ, ಬೈದ ಹಾಗೇ ಬಂದು ಹೇಳು.