ವಿನುತಕ್ಕನ ಎಡ ಶ್ವಾಸಕೋಶದಿಂದ

ಹುಬ್ಬಳ್ಳಿ,
ಫೆಬ್ರವರಿ ೩೧, ೨೩೧೯

ಮಾನ್ಯ ವಿನುತಾ ಕಮಡೊಳ್ಳಿಯವರಿಗೆ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಇಷ್ಟು ದಿನ ಕೊಟ್ಟು ನಮಗೆ ಬಹಳ ಕಾಲವಾಯಿತು. ನಮ್ಮ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕಲ್ಲಮ್ಮ, ಒಳನಡೆ ಶಾಲೆಯ ಶಿಕ್ಷಕಿ. ಒಳನಡೆಯೆಂದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸ್ಕ್ಯಾನ್ ಚಿತ್ರದೊಳಗೇ ಇಳಿದು ಅಡ್ಡಾಡುವುದು. ಒಬ್ಬರು ಕಂಡದ್ದನ್ನು ಬೇರೆ ಊರುಗಳ ಮಕ್ಕಳೂ ಪಕ್ಕದಲ್ಲೇ ನಿಂತು ಕಾಣುತ್ತಾರೆ. ಮೊದಲ ಸ್ಕ್ಯಾನಿನ ದಿನ ನೀವು ಸಂಶೋಧನೆಗೆ ಬಳಸಿಕೊಳ್ಳಿ ಎಂದು ಸಹಿ ಹಾಕಿದಿರಲ್ಲ, ಆ ದೇಹದಲ್ಲೇ ನಮ್ಮ ಶಾಲೆ ನಡೆಯುತ್ತದೆ.

ಬೆಳಿಗ್ಗೆ ಮಕ್ಕಳು ಚಪ್ಪಲಿ ಬಿಟ್ಟು ನಿಮ್ಮ ಗಂಟಲಿನಿಂದ ಇಳಿಯುತ್ತಾರೆ. ಊಟದ ಡಬ್ಬಿ ಬಿಚ್ಚುವುದು ಎಡ ಶ್ವಾಸಕೋಶದಲ್ಲಿ. ಅಲ್ಲಿ ಜಾಗ ಧಾರಾಳ. ಅಲ್ಲೇ ಮೂಲೆಯಲ್ಲಿ ನಿಮ್ಮ ಗಡ್ಡೆಯಿದೆ. ಮೊದಲ ಸ್ಕ್ಯಾನಿನಲ್ಲಿ ಅದು ಸಾಸಿವೆಯಷ್ಟು. ನಿಮ್ಮ ಡಾಕ್ಟರು ಹಳೆಯ ಕೆಮ್ಮಿನ ಕಲೆಯೆಂದು ಬಿಟ್ಟರು. ಪಾಪ, ಅವರು ಹೊರಗೆ ನಿಂತು ನೋಡಿದವರು. ಕೊನೆಗೆ ಅದು ಮೋಸಂಬಿಯಷ್ಟಾಗುತ್ತದೆ. ನಡುವಿನ ಒಂದು ಹಂತದ ಚಿತ್ರವೂ ತಪ್ಪದ ಇಂಥ ಗಡ್ಡೆ ಲೋಕದಲ್ಲಿ ಮತ್ತೊಂದಿಲ್ಲ. ಮಕ್ಕಳು ಅದಕ್ಕೆ ಗುಂಡಮ್ಮ ಎಂದು ಹೆಸರಿಟ್ಟು, ಪರೀಕ್ಷೆಗೆ ಮುಂಚೆ ಮುಟ್ಟಿ ನಮಸ್ಕರಿಸುತ್ತಾರೆ. "ವಿನುತಕ್ಕಗ ಭಾಳ ತ್ರಾಸ ಆಗಿತ್ತೇನ್ರಿ?" ಎಂದು ಒಬ್ಬಳು ಕೇಳಿದಳು. ಪಾಠ ಬಿಟ್ಟು ಬೇರೆ ಮಾತಾಡಿದ್ದಕ್ಕೆ ಅವಳ ಅಂಕ ಕಳೆದೆ.

ಮೈ ಕೊಟ್ಟವರಿಗೆ, ವರ್ಷಕ್ಕೊಬ್ಬರಂತೆ, ಅವರು ಬದುಕಿದ್ದ ಕಾಲಕ್ಕೇ ಕೃತಜ್ಞತೆಯ ಪತ್ರ ಕಳಿಸುವುದು ನಮ್ಮ ಪದ್ಧತಿ. ನನ್ನ ಹಿಂದಿನ ಮಾಸ್ತರು ಸಿದ್ಧಲಿಂಗಪ್ಪನವರು ಊರಿಗೆ ಉಪಕಾರಿ, ಮನೆಗೆ ಮಾರಿ. ಪಿತ್ತಜನಕಾಂಗದ ಪಾಠಕ್ಕಿದ್ದ ದಾದಾಪೀರರಿಗೆ ಪತ್ರವನ್ನು ರೋಗ ಇನ್ನೂ ಎಳೆಯದಿದ್ದ ದಿನಕ್ಕೇ ಕಳಿಸಿಬಿಟ್ಟರು. ಆ ಪುಣ್ಯಾತ್ಮ ಓದಿದ, ಆಸ್ಪತ್ರೆಗೆ ಓಡಿದ, ಆಪರೇಷನ್ ಮಾಡಿಸಿಕೊಂಡು ಹಣ್ಣುಹಣ್ಣು ಮುದುಕನಾಗುವವರೆಗೆ ಬದುಕಿದ. ಇಲ್ಲಿ ಪತ್ರ ಕಳಿಸಿದ ಮರುದಿನ ಬೆಳಿಗ್ಗೆ ನಮ್ಮ ಪಾಠದ ಕೋಣೆ ಖಾಲಿ, ರೋಗದ ಗುರುತೇ ಇಲ್ಲ. ಮಕ್ಕಳು ಗೋಳೋ ಎಂದು ಅತ್ತರು. ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನಿಮ್ಮ ವಿಷಯದಲ್ಲಿ ಎಚ್ಚರ ವಹಿಸಿದ್ದೇನೆ. ಇಷ್ಟು ಓದುವಷ್ಟರಲ್ಲಿ ಡಾಕ್ಟರಿಗೆ ಫೋನ್ ಮಾಡಲು ಎದ್ದಿರುತ್ತೀರಿ. ಮಾಡಿ, ನನ್ನದೇನೂ ಅಭ್ಯಂತರವಿಲ್ಲ. ಗುಂಡಮ್ಮನ ಅಷ್ಟೂ ಚಿತ್ರ ನೋಡಿ, ಇನ್ನು ಯಾರ ಕೈಯಲ್ಲೂ ಏನೂ ಆಗದ ದಿನವನ್ನು ಆರಿಸಿ ಈ ಪತ್ರ ಕಳಿಸಿದ್ದೇನೆ.

ಒಂದೇ ಕೋರಿಕೆ. ಬರುವ ಸೋಮವಾರ ನಿಮ್ಮ ಕೊನೆಯ ಸ್ಕ್ಯಾನ್. ನಮ್ಮಲ್ಲಿರುವ ಆ ಚಿತ್ರ ಕಲಸಿಹೋಗಿದೆ, ಮಕ್ಕಳು ಎಡವುತ್ತಾರೆ. ಯಂತ್ರದೊಳಗೆ ಮಲಗಿ ನೀವು ಬಿಕ್ಕಿ ಬಿಕ್ಕಿ ಅತ್ತಿರಂತೆ. ಯಾಕೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ದಯವಿಟ್ಟು ಅಲುಗಾಡಬೇಡಿ.

ಕೃತಜ್ಞತೆಗಳೊಂದಿಗೆ,
ಕಲ್ಲಮ್ಮ